ಅಕ್ಕರೆಯೊಂದೇ ಸಾಲದು: ಶುಶ್ರೂಷೆಯನ್ನು ವಿದ್ಯೆಯಾಗಿಸಿದ ನೈಟಿಂಗೇಲ್

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲುತ್ತದೆ ಎಂಬುದು ಚರಕಾಚಾರ್ಯರ ಅಭಿಪ್ರಾಯ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ ಎಂಬ ಈ ನಾಲ್ಕರಲ್ಲಿ ಯಾವುದೊಂದು ಕುಂಟಿದರೂ ಚಿಕಿತ್ಸೆ ಮುಂದೆ ಸಾಗದು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಹೇಳಲಾಗಿದೆ. ಪರಿಚಾರಕನಿಗೆ, ಎಂದರೆ ರೋಗಿಯ ಬಳಿಯಿದ್ದು ಆರೈಕೆ ಮಾಡುವವನಿಗೆ, ಇರಬೇಕಾದ ಗುಣಗಳು ಉಪಚಾರಜ್ಞತೆ, ದಾಕ್ಷ್ಯ, ಅನುರಾಗ ಮತ್ತು ಶೌಚ. ಆರೈಕೆಯ ಕ್ರಮವನ್ನು ಅರಿತಿರುವುದು ಉಪಚಾರಜ್ಞತೆ. ಅರಿತದ್ದನ್ನು ಹೊತ್ತಿಗೆ ಸರಿಯಾಗಿ, ತಪ್ಪಿಲ್ಲದೆ ಮಾಡಿ ಮುಗಿಸುವುದು ದಾಕ್ಷ್ಯ. ರೋಗಿಯ ಮೇಲಿನ ಅಕ್ಕರೆಯೇ ಅನುರಾಗ. ಒಳಹೊರಗಿನ ಶುಚಿತ್ವವೇ ಶೌಚ.

ಆಯುರ್ವೇದ ಕಾಲೇಜಿನಲ್ಲಿ ಓದುವಾಗ ನಾವೆಲ್ಲರೂ ಇದನ್ನು ಕಂಠಪಾಠ ಮಾಡಿದ್ದೆವು. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆದಿದ್ದೆವು. ಆದರೆ ಅದರ ಅರ್ಥ ನನಗೆ ತಿಳಿದದ್ದು ವೃತ್ತಿಯನ್ನು ಆರಂಭಿಸಿದ ಕೆಲವು ವರ್ಷಗಳ ಬಳಿಕ, ಒಬ್ಬ ರೋಗಿಯನ್ನು ಕಳೆದುಕೊಂಡ ಮೇಲೆ.

ನಾನು ಹೇಳದೆ ಬಿಟ್ಟ ಮಾತು

ಆಗ ನನಗೆ ಮೂವತ್ತರ ಆಸುಪಾಸಿನ ವಯಸ್ಸು. ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿಗೆ ಪಾರ್ಶ್ವವಾಯುವಾಗಿ ದೇಹದ ಬಲಭಾಗದ ಸ್ವಾಧೀನ ತಪ್ಪಿತ್ತು. ದೊಡ್ಡಾಸ್ಪತ್ರೆಯಲ್ಲಿ ಕೆಲವು ದಿನಗಳಿದ್ದು ಮನೆಗೆ ಮರಳಿದ್ದರು. ಮುಂದಿನ ಚಿಕಿತ್ಸೆಗೆ ನನ್ನನ್ನು ಕರೆಸಿದರು. ಕಷಾಯ, ಮಾತ್ರೆ, ಅಭ್ಯಂಗಕ್ಕೆ ತೈಲ ಎಲ್ಲವನ್ನೂ ಶಾಸ್ತ್ರಕ್ಕೆ ಅನುಸಾರವಾಗಿ ಬರೆದುಕೊಟ್ಟೆ. ತುಂಬಿದ ಮನೆ ಅದು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಹಗಲಿರುಳು ಹೊರಸಿನ ಸುತ್ತ ಕುಳಿತಿರುತ್ತಿದ್ದರು. ಗಾಳಿ ತಾಗಬಾರದೆಂದು ಕಿಟಕಿಗಳನ್ನು ಮುಚ್ಚಿದ್ದರು. ಹಿರಿಯರಿಗೆ ನೋವಾದೀತೆಂದು ಅವರನ್ನು ಅಲುಗಿಸಲೂ ಹೆದರುತ್ತಿದ್ದರು. ಮೆತ್ತಗಿರಲೆಂದು ಕೌದಿಯ ಮೇಲೆ ಕೌದಿ ಹಾಸಿದ್ದರು. ಅಂತಹ ಅಕ್ಕರೆಯನ್ನು ನಾನು ಬೇರೆಲ್ಲಿಯೂ ಕಂಡಿರಲಿಲ್ಲ.

ಮೂರನೆಯ ವಾರ ನಾನು ಹೋದಾಗ ಆರೋಗ್ಯ ಉಪಕೇಂದ್ರದ ಸಿಸ್ಟರ್ ಅಲ್ಲಿಗೆ ಬಂದಿದ್ದರು. ಅವರು ಹಿರಿಯರನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ ಸೊಂಟದ ಕೆಳಭಾಗವನ್ನು ನನಗೆ ತೋರಿಸಿದರು. ಅಂಗೈಯಗಲದ ಹಾಸಿಗೆಹುಣ್ಣು ಎಲುಬಿನವರೆಗೆ ಇಳಿದಿತ್ತು. ಹೊರಗೆ ಬಂದ ಮೇಲೆ ಸಿಸ್ಟರ್ ತಗ್ಗಿದ ದನಿಯಲ್ಲಿ ಕೇಳಿದರು: “ಡಾಕ್ಟರ್ ಸಾಹೇಬ್ರ, ಔಷಧ ಬರದ ಕೊಟ್ಟೀರಿ. ಯಜಮಾನ್ರಿಗೆ ಮಗ್ಗಲಾ ಹೊಳ್ಳಸ್ರಿ ಅಂತ ಯಾರಿಗೆ ಹೇಳೀರಿ?”

ನಾನು ಯಾರಿಗೂ ಹೇಳಿರಲಿಲ್ಲ. ಬೆನ್ನನ್ನು ಒಮ್ಮೆಯೂ ನೋಡಿರಲಿಲ್ಲ. ನಾಡಿ ಹಿಡಿದು, ನಾಲಿಗೆ ನೋಡಿ, ತೈಲದ ಶೀಷೆ ಮುಗಿದಿದೆಯೇ ಎಂದು ವಿಚಾರಿಸಿ ಹಿಂದಿರುಗುತ್ತಿದ್ದೆ. ಹುಣ್ಣಿನಲ್ಲಿ ಸೋಂಕು ಸೇರಿ ಜ್ವರ ಏರಿತು. ಮತ್ತೆ ಆಸ್ಪತ್ರೆಗೆ ಒಯ್ದರೂ ಆ ಹಿರಿಯರು ಉಳಿಯಲಿಲ್ಲ. ಮನೆಯವರು ನನ್ನನ್ನು ದೂಷಿಸಲಿಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿದೆವೆಂದೇ ಅವರು ನಂಬಿದ್ದರು. ಆ ನಂಬಿಕೆಯೇ ನನ್ನನ್ನು ಇಂದಿಗೂ ಕಾಡುತ್ತದೆ. ಅನುರಾಗಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಉಪಚಾರಜ್ಞತೆ ಇರಲಿಲ್ಲ. ಅದನ್ನು ಕಲಿಸಬೇಕಾಗಿದ್ದವನು ನಾನು.

ಕೆಲವು ದಿನಗಳ ನಂತರ ಆ ಸಿಸ್ಟರ್ ಅವರಿಂದ ಅವರ ತರಬೇತಿಯ ಕಾಲದ ಪುಸ್ತಕವನ್ನು ಕೇಳಿ ಪಡೆದು ಓದಿದೆ. ಅದರ ಮೊದಲ ಪುಟಗಳಲ್ಲಿಯೇ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿತ್ತು. ಅವರ ಜನ್ಮದಿನವಾದ ಮೇ 12 ಅನ್ನು ಜಗತ್ತಿನಾದ್ಯಂತ ದಾದಿಯರ ದಿನವೆಂದು ಆಚರಿಸುತ್ತಾರೆ. ಕೈಯಲ್ಲಿ ದೀಪ ಹಿಡಿದು ಇರುಳಿನಲ್ಲಿ ಗಾಯಾಳುಗಳ ನಡುವೆ ನಡೆಯುವ ಅವರ ಚಿತ್ರವನ್ನು ಶಾಲೆಯ ಪಾಠದಲ್ಲಿ ಕಾಣದವರು ವಿರಳ. ಆದರೆ ಆ ದೀಪದ ಕಥೆ ಎರಡು ವರ್ಷಕ್ಕೂ ಕಡಿಮೆ ಅವಧಿಯದು. ಅದರ ನಂತರದ ಐವತ್ತು ವರ್ಷಗಳ ಕಥೆ ನಮಗೆ ಹೆಚ್ಚು ಅಗತ್ಯವಾದದ್ದು.

ಕಲಿಯಲು ಕಾದವರು

ನೈಟಿಂಗೇಲ್ ಅವರು 1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದರು. ಹುಟ್ಟಿದೂರಿನ ಹೆಸರೇ ಅವರ ಹೆಸರಾಯಿತು. ತಂದೆ ಮನೆಯಲ್ಲಿಯೇ ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದರು. ಮಗಳಿಗೆ ಗಣಿತದಲ್ಲಿ ವಿಶೇಷ ಆಸಕ್ತಿ. ರೋಗಿಗಳ ಸೇವೆಯೇ ತನ್ನ ಬಾಳಿನ ಕೆಲಸವೆಂದು ಅವರು ನಿರ್ಧರಿಸಿದಾಗ ಮನೆಯವರು ಒಪ್ಪಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಬೇರೆ ಗತಿಯಿಲ್ಲದವರು ಮಾಡುವ ಕೆಲಸವೆಂದೇ ಜನ ಅದನ್ನು ಎಣಿಸುತ್ತಿದ್ದರು. ಆ ವಿರೋಧದ ನಡುವೆ ಅವರು ಹಲವು ವರ್ಷ ಕಾದರು. ಕಾಯುವಾಗಲೂ ಸುಮ್ಮನಿರದೆ ಆಸ್ಪತ್ರೆಗಳ ವರದಿಗಳನ್ನು ತರಿಸಿ ಅಧ್ಯಯನ ಮಾಡಿದರು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್‌ಸ್ವರ್ತ್ ಎಂಬಲ್ಲಿನ ಸೇವಾಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು.

1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆ ಅವರಿಗೆ ದೊರೆಯಿತು. ಅವರು ಅಲ್ಲಿ ಕೇಳಿದ ಸೌಕರ್ಯಗಳು ಗಮನಾರ್ಹವಾದವು: ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು, ಅಡುಗೆಮನೆಯಿಂದ ಊಟವನ್ನು ಮೇಲಕ್ಕೆ ಎಳೆಯುವ ರಾಟೆ, ಯಾವ ರೋಗಿ ಕರೆಯುತ್ತಿದ್ದಾರೆಂದು ತೋರಿಸುವ ಗಂಟೆ. ದಾದಿಯು ಮೆಟ್ಟಿಲು ಹತ್ತಿಳಿಯುವುದರಲ್ಲಿಯೇ ದಣಿದರೆ ರೋಗಿಯನ್ನು ನೋಡಿಕೊಳ್ಳುವವರು ಯಾರು ಎಂಬುದು ಅವರ ಯೋಚನೆ. ಸೇವೆ ಮಾಡುವವರ ಶ್ರಮವನ್ನು ಉಳಿಸುವುದೂ ಸೇವೆಯ ಭಾಗವೆಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು.

ಸ್ಕುಟಾರಿಯ ಸಾವುಗಳು

ರಷ್ಯಾದ ವಿರುದ್ಧ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಹೋರಾಡಿದ ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಸ್ಕುಟಾರಿಗೆ ತರುತ್ತಿದ್ದರು. ಇಂದಿನ ಇಸ್ತಾಂಬುಲ್ ನಗರದ ಏಷ್ಯಾ ಬದಿಯಲ್ಲಿರುವ ಆ ಊರಿನ ದೊಡ್ಡ ಸೈನಿಕ ವಸತಿಯೇ ಆಸ್ಪತ್ರೆಯಾಗಿತ್ತು. 38 ದಾದಿಯರೊಡನೆ ನೈಟಿಂಗೇಲ್ ಅಲ್ಲಿಗೆ ತಲುಪಿದ್ದು 1854ರ ನವೆಂಬರ್ 4ರಂದು. ಸೈನ್ಯದ ವೈದ್ಯರು ಮೊದಲು ಅವರನ್ನು ಹತ್ತಿರ ಸೇರಿಸಲಿಲ್ಲ. ಅವರು ವಾದಕ್ಕೆ ಇಳಿಯದೆ, ಕರೆಯುವವರೆಗೆ ಕಾದರು. ಗಾಯಾಳುಗಳು ತಂಡೋಪತಂಡವಾಗಿ ಬಂದಾಗ ಕರೆ ಬಂತು. ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಹಾಸಿಗೆ, ಅಂಗಿ, ಪೊರಕೆ ಎಲ್ಲವನ್ನೂ ಅವರು ಹೊಂದಿಸಿದರು. ಇರುಳಿನಲ್ಲಿ ದೀಪ ಹಿಡಿದು ರೋಗಿಗಳ ಸಾಲುಗಳ ನಡುವೆ ನಡೆದದ್ದೂ ಆಗಲೇ.

ಆದರೂ ಸಾವು ನಿಲ್ಲಲಿಲ್ಲ. ಆ ಮೊದಲ ಚಳಿಗಾಲದಲ್ಲಿ ಅಲ್ಲಿ 4,000ಕ್ಕೂ ಹೆಚ್ಚು ಸೈನಿಕರು ಸತ್ತರು. 1855ರ ಫೆಬ್ರುವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ನ್ನು ದಾಟಿತ್ತು. ಸತ್ತವರಲ್ಲಿ ಬಹುಪಾಲು ಮಂದಿ ಗಾಯಗಳಿಂದ ಸಾಯಲಿಲ್ಲ. ಟೈಫಸ್, ಕಾಲರಾ, ವಿಷಮಶೀತಜ್ವರ, ರಕ್ತಭೇದಿಗಳು ಅವರನ್ನು ಕೊಂದವು. ಆ ಕಟ್ಟಡವು ಕೆಟ್ಟುಹೋದ ಚರಂಡಿಗಳ ಮೇಲೆಯೇ ನಿಂತಿತ್ತು. ಗಾಳಿಯಾಡುತ್ತಿರಲಿಲ್ಲ. ಕುಡಿಯುವ ನೀರು ಮಲಿನವಾಗಿತ್ತು. ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ತೊಳೆಸಿ, ಕಸ ಮತ್ತು ಪ್ರಾಣಿಗಳ ಕಳೇಬರಗಳನ್ನು ತೆಗೆಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಗೆ ದಾರಿ ಮಾಡಿಸಿತು. ಜೂನ್ ವೇಳೆಗೆ ಸಾವಿನ ಪ್ರಮಾಣ ನೂರಕ್ಕೆ ಎರಡರ ಸಮೀಪಕ್ಕೆ ಇಳಿಯಿತು.

ಯುದ್ಧ ಮುಗಿದು ಮನೆಗೆ ಮರಳಿದಾಗ ದೇಶವೇ ಅವರನ್ನು ಕೊಂಡಾಡಿತು. ಅವರು ಆ ಹೊಗಳಿಕೆಯಿಂದ ದೂರ ಸರಿದು ಲೆಕ್ಕಗಳ ಮುಂದೆ ಕುಳಿತರು. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ನೆರವಿನಿಂದ ಅಂಕಿಗಳನ್ನು ಹೊಂದಿಸಿ ನೋಡಿದಾಗ, ತಡೆಯಬಹುದಾಗಿದ್ದ ಸಾವುಗಳೇ ಅಧಿಕವೆಂಬುದು ಸ್ಪಷ್ಟವಾಯಿತು. ತಾವು ಹಗಲಿರುಳು ದುಡಿದ ಆಸ್ಪತ್ರೆಯಲ್ಲಿಯೇ ಅಷ್ಟು ಜನ ಸತ್ತಿದ್ದರು. ಅದನ್ನು ಅವರು ಮುಚ್ಚಿಡಲಿಲ್ಲ. 1858ರಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಭಾಗಗಳ ವೃತ್ತಾಕಾರದ ನಕ್ಷೆಯನ್ನು ಬರೆದು, ರೋಗದಿಂದಾದ ಸಾವಿಗೆ ನೀಲಿ, ಗಾಯದಿಂದಾದ ಸಾವಿಗೆ ಕೆಂಪು ಬಣ್ಣ ಕೊಟ್ಟು, ಆಳುವವರ ಕಣ್ಣಿಗೆ ಕಾಣುವಂತೆ ಮಾಡಿದರು. ಅನುರಾಗವಿದ್ದರೂ ಶೌಚವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಆ ನಕ್ಷೆಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆ ಹಳ್ಳಿಯ ಮನೆಯನ್ನು ನೆನೆದು ಈ ಭಾಗವನ್ನು ನಾನು ಎಷ್ಟೋ ಬಾರಿ ಓದಿದ್ದೇನೆ.

ವಿದ್ಯೆಯಾದ ಶುಶ್ರೂಷೆ

ಅವರು ಶುಶ್ರೂಷೆಯನ್ನು ಕುರಿತು ಬರೆದ ಚಿಕ್ಕ ಪುಸ್ತಕ 1859ರಲ್ಲಿ ಹೊರಬಂತು. ಅದನ್ನು ಬರೆದದ್ದು ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರಿಗಾಗಿ. ರೋಗಿಗೆ ಚಳಿಯಾಗದಂತೆ ಶುದ್ಧ ಗಾಳಿಯನ್ನು ಒದಗಿಸುವುದು ಅದರಲ್ಲಿನ ಮೊದಲ ನಿಯಮ. ಚರಕಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯವೂ ರೋಗಿಯ ಮನೆ ಬಿರುಗಾಳಿಗೆ ಒಡ್ಡಿಕೊಂಡಿರಬಾರದು, ಆದರೆ ಒಂದು ಭಾಗದಲ್ಲಿ ಗಾಳಿಯಾಡಬೇಕು, ಹೊಗೆ ಧೂಳು ಸೋಕಬಾರದು ಎನ್ನುತ್ತದೆ. ಸ್ನಾನ ಮಾಡಿಸಲು, ಎಬ್ಬಿಸಿ ಕೂರಿಸಲು, ಪಥ್ಯದ ಅಡುಗೆ ಮಾಡಲು ಬಲ್ಲ ಪರಿಚಾರಕರನ್ನು ಅಲ್ಲಿ ಎಣಿಸಲಾಗಿದೆ. ಕಥೆ ಹೇಳಿ, ಹಾಡಿ ರೋಗಿಯ ಮನಸ್ಸನ್ನು ಹಗುರಗೊಳಿಸುವವರೂ ಆ ಪಟ್ಟಿಯಲ್ಲಿದ್ದಾರೆ. ಕಾಲದಿಂದಲೂ ದೇಶದಿಂದಲೂ ಇಷ್ಟು ದೂರವಿರುವ ಎರಡು ಗ್ರಂಥಗಳು ಒಂದೇ ಮಾತಿಗೆ ಬಂದು ಸೇರುವುದು ಅಚ್ಚರಿಯಲ್ಲ. ರೋಗಿಯ ಬಳಿ ಕುಳಿತು ನೋಡಿದವರಿಗೆ ಕಾಣುವುದು ಒಂದೇ ಸತ್ಯ.

ಜನರು ಕೃತಜ್ಞತೆಯಿಂದ ಕೂಡಿಸಿದ ಸುಮಾರು 45,000 ಪೌಂಡ್ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿದ್ದವರು ಬೆರಳೆಣಿಕೆಯ ವಿದ್ಯಾರ್ಥಿನಿಯರು. ವಾರ್ಡಿನಲ್ಲಿ ಕೆಲಸ, ವೈದ್ಯರ ಉಪನ್ಯಾಸ, ದಿನಚರಿ ಬರವಣಿಗೆ, ಪ್ರತಿ ತಿಂಗಳು ನಡತೆ ಮತ್ತು ಕೌಶಲದ ದಾಖಲೆ, ಹೀಗೆ ಕ್ರಮಬದ್ಧವಾದ ಶಿಕ್ಷಣ ಅಲ್ಲಿ ನಡೆಯಿತು. ಹನ್ನೆರಡು ವರ್ಷಗಳ ಬಳಿಕ ಪಾಠಗಳು ಸಡಿಲವಾಗಿವೆಯೆಂದು ತಿಳಿದಾಗ ನೈಟಿಂಗೇಲ್ ಸ್ವತಃ ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಮಾತನಾಡಿಸಿ, ಲೋಪಗಳನ್ನು ತಿದ್ದಲು ಮುಂದಾದರು. ಸಂಸ್ಥೆಯನ್ನು ಕಟ್ಟಿ ಕೈತೊಳೆದುಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. ಅಲ್ಲಿ ಕಲಿತವರಲ್ಲಿ ಲೂಸಿ ಆಸ್ಬರ್ನ್ 1868ರಲ್ಲಿ ಐವರು ದಾದಿಯರೊಡನೆ ಆಸ್ಟ್ರೇಲಿಯಾದ ಸಿಡ್ನಿಗೆ ಹೋದರು. ಆಗ್ನೆಸ್ ಜೋನ್ಸ್ ಲಿವರ್‌ಪೂಲಿನ ಬಡವರ ಆಸ್ಪತ್ರೆಯನ್ನು ಸುಧಾರಿಸುತ್ತಲೇ ಟೈಫಸ್ ತಗಲಿ ತೀರಿಕೊಂಡರು.

ಹಾಸಿಗೆಯಿಂದಲೇ ನಾಯಕತ್ವ

ಇಷ್ಟನ್ನೂ ನಡೆಸಿದವರು ಆರೋಗ್ಯವಂತರಾಗಿರಲಿಲ್ಲ ಎಂಬುದು ಅನೇಕರಿಗೆ ತಿಳಿಯದು. ಯುದ್ಧಭೂಮಿಯಲ್ಲಿ ತಗಲಿದ ಜ್ವರದ ಪರಿಣಾಮವಾಗಿ 1857ರ ನಂತರ ದೀರ್ಘಕಾಲ ಅವರು ಹಾಸಿಗೆಯನ್ನೋ ಕೋಣೆಯನ್ನೋ ಬಿಟ್ಟು ಹೊರಗೆ ಬಂದದ್ದು ಕಡಿಮೆ. ಮಂತ್ರಿಗಳು, ಅಧಿಕಾರಿಗಳು ಅವರ ಕೋಣೆಗೇ ಬಂದು ಸಲಹೆ ಪಡೆಯುತ್ತಿದ್ದರು. ಸಾವಿರಾರು ಪತ್ರಗಳನ್ನು ಅವರು ಬರೆದರು. ತಾನು ಎದುರಿಗಿದ್ದಾಗ ಮಾಡುವ ಕೆಲಸ ತಾನಿಲ್ಲದಾಗಲೂ ತಪ್ಪದೆ ನಡೆಯುವಂತೆ ಏರ್ಪಡಿಸುವುದೇ ನಿಜವಾದ ಮೇಲ್ವಿಚಾರಣೆ ಎಂಬುದು ಅವರ ಪುಸ್ತಕದ ಮುಖ್ಯ ಬೋಧೆಗಳಲ್ಲಿ ಒಂದು. ಅವರ ಉಳಿದ ಬಾಳು ಆ ಬೋಧೆಯ ಆಚರಣೆಯೇ ಆಗಿತ್ತು. ಚರಕರು ದಾಕ್ಷ್ಯವೆಂದದ್ದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೈನಿಕ ನೆಲೆಗಳಿಗೆಲ್ಲ ಪ್ರಶ್ನಾವಳಿಗಳನ್ನು ಕಳುಹಿಸಿ, ಉತ್ತರಗಳನ್ನು ಪರಿಶೀಲಿಸಿ, 1863ರಲ್ಲಿ ಹೊರಬಂದ ನೈರ್ಮಲ್ಯ ವರದಿಗೆ ತಮ್ಮ ಅಭಿಪ್ರಾಯಗಳನ್ನು ಬರೆದರು. ಬೆಂಗಳೂರಿನ ದಂಡು ಪ್ರದೇಶದ ಹಲಸೂರು ಕೆರೆಗೆ ಪೇಟೆಯ ಕೊಳಚೆ ಹರಿದು ಸೇರುತ್ತಿದೆ, ಅದೇ ನೀರನ್ನು ಕುಡಿಯುತ್ತಿದ್ದಾರೆ ಎಂಬ ಸಂಗತಿಯೂ ಅವರ ಗಮನಕ್ಕೆ ಬಂದಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಸಾವಿರಕ್ಕೆ 69ರಷ್ಟಿದ್ದ ವಾರ್ಷಿಕ ಮರಣವು ಸಾವಿರಕ್ಕೆ 18ಕ್ಕೆ ಇಳಿದುದನ್ನು ಹತ್ತು ವರ್ಷಗಳ ಬಳಿಕ ಅವರೇ ದಾಖಲಿಸಿದರು. ಸೈನಿಕರಿಂದ ಆರಂಭವಾದ ಆ ಆಸಕ್ತಿ ಮುಂದೆ ನಮ್ಮ ಹಳ್ಳಿಗಳ ನೈರ್ಮಲ್ಯ, ಕ್ಷಾಮ, ನೀರಾವರಿಗಳವರೆಗೆ ಬೆಳೆಯಿತು.

ಅವರೂ ಮನುಷ್ಯರೇ. ರೋಗಾಣು ಸಿದ್ಧಾಂತವನ್ನು ಒಪ್ಪಲು ಅವರು ಬಹುಕಾಲ ಹಿಂಜರಿದರು. ದಾದಿಯರಿಗೆ ಪರೀಕ್ಷೆ ನಡೆಸಿ ಸರಕಾರಿ ನೋಂದಣಿ ಕೊಡಬೇಕೆಂಬ ಬೇಡಿಕೆಯನ್ನೂ ವಿರೋಧಿಸಿದರು. ಶೀಲವನ್ನು ಪರೀಕ್ಷೆಯಿಂದ ಅಳೆಯಲಾಗದು ಎಂಬುದು ಅವರ ಅಳುಕು. ಆ ವಿಷಯದಲ್ಲಿ ಕಾಲವು ಅವರ ಮಾತನ್ನು ಕೇಳಲಿಲ್ಲ, ಕೇಳದ್ದು ಒಳ್ಳೆಯದೇ ಆಯಿತು. ನಮ್ಮ ದೇಶದಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯಿಂದ ಏಕರೂಪದ ಶಿಕ್ಷಣಕ್ಕೆ ಬುನಾದಿ ಬಿತ್ತು. ಇಂದು ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿ, ಅದರ ಮೇಲೆ ಸ್ನಾತಕೋತ್ತರ ಪದವಿ, ಸಂಶೋಧನೆಗಳೂ ಇವೆ. ಆದರೆ ವಾರ್ಡಿನಲ್ಲಿ ದಾದಿಯ ಮಾತಿಗೆ ಕಿವಿಗೊಡುವ ವೈದ್ಯರು ಎಷ್ಟು ಮಂದಿ? ವೈದ್ಯನು ರೋಗಿಯನ್ನು ಕೆಲವು ನಿಮಿಷ ನೋಡುತ್ತಾನೆ. ದಾದಿಯು ರೋಗಿಯ ಇರುಳನ್ನೂ ಕಂಡಿರುತ್ತಾಳೆ. ನಾಲ್ಕು ಪಾದಗಳಲ್ಲಿ ವೈದ್ಯನೇ ಪ್ರಧಾನನೆಂದು ಶಾಸ್ತ್ರ ಹೇಳಿರುವುದು ನಿಜ. ಪ್ರಧಾನನಾದವನಿಗೆ ಕೇಳುವ ಕಿವಿಯೂ ಇರಬೇಕು.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ

ಆ ಸಿಸ್ಟರ್ ಕೇಳಿದ ಪ್ರಶ್ನೆಯ ನಂತರ ನಾನು ಎರಡು ಚೀಟಿಗಳನ್ನು ಬರೆಯತೊಡಗಿದೆ. ಒಂದು ಔಷಧದ್ದು, ಇನ್ನೊಂದು ಉಪಚಾರದ್ದು. ಎರಡನೆಯ ಚೀಟಿಯಲ್ಲಿರುವುದನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇನೆ.

1. ತಾನಾಗಿ ಹೊರಳಲಾರದ ರೋಗಿಯನ್ನು ಹಗಲಿರುಳೂ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಎಳೆಯದೆ, ಇಬ್ಬರು ಸೇರಿ ಎತ್ತಿ ಹೊರಳಿಸಬೇಕು. ಹಾಸಿಗೆ ಸುಕ್ಕಿಲ್ಲದೆ ಒಣಗಿರಬೇಕು. ಗಾಳಿ ತುಂಬಿದ ಹಾಸಿಗೆ ಇದ್ದರೂ ಹೊರಳಿಸುವುದನ್ನು ಬಿಡಬಾರದು.

2. ದಿನವೂ ಒಮ್ಮೆ ಬೆಳಕಿನಲ್ಲಿ ಸೊಂಟದ ಕೆಳಭಾಗ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗಗಳನ್ನು ನೋಡಬೇಕು. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಹುಣ್ಣಿನ ಮುನ್ಸೂಚನೆ. ಮೈಬಣ್ಣ ಕಪ್ಪಗಿದ್ದವರಲ್ಲಿ ಕೆಂಪು ಕಾಣದೆ, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ತೋರಬಹುದು. ಅಂತಹ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡು ವೈದ್ಯರಿಗೆ ತಿಳಿಸಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು. ಜ್ವರವಿರುವಾಗಲೂ ಅಭ್ಯಂಗ ಸಲ್ಲದು.

3. ಮಲಗಿದವರ ಬಾಯಿಗೆ ಹಾಲು, ಗಂಜಿ ಸುರಿಯಬಾರದು. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ಉಣಿಸಿ, ಅನಂತರ ಅರ್ಧ ಗಂಟೆಯಾದರೂ ಹಾಗೆಯೇ ಕೂರಿಸಿರಬೇಕು. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರನ್ನು ಕೇಳಬೇಕು. ದಿನಕ್ಕೆರಡು ಸಲ ಬಾಯಿಯನ್ನು ಶುಚಿ ಮಾಡಬೇಕು.

4. ಕೋಣೆಯ ಕಿಟಕಿ ತೆರೆದಿರಲಿ. ಗಾಳಿ ನೇರವಾಗಿ ರೋಗಿಯ ಮೈಮೇಲೆ ಬೀಸದಿದ್ದರೆ ಸಾಕು. ರೋಗಿಯನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು.

5. ಒಂದು ನೋಟುಪುಸ್ತಕವಿರಲಿ. ಊಟ, ನೀರು, ಮೂತ್ರ, ಮಲ, ನಿದ್ರೆ, ಜ್ವರ, ಮಗ್ಗುಲು ಬದಲಿಸಿದ ಹೊತ್ತು ಇವನ್ನು ಬರೆದಿಡಬೇಕು. ವೈದ್ಯರು ಬಂದಾಗ ನೆನಪಿನಿಂದ ಹೇಳುವುದಕ್ಕಿಂತ ಇದು ನೂರುಪಾಲು ಮೇಲು.

6. ರೋಗಿಯ ಬಾಗಿಲಲ್ಲಿ ನಿಂತು ಪಿಸುಗುಟ್ಟಬಾರದು. ಕೇಳಿಸದ ಮಾತು ರೋಗಿಯಲ್ಲಿ ಇಲ್ಲದ ಭಯವನ್ನು ಹುಟ್ಟಿಸುತ್ತದೆ.

7. ಆರೈಕೆಯ ಭಾರವೆಲ್ಲ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಮೇಲೆ ಬೀಳಬಾರದು. ಗಂಡಸರೂ ಸರದಿಯಲ್ಲಿ ಪಾಲ್ಗೊಳ್ಳಬೇಕು. ನಿದ್ರೆಗೆಟ್ಟವರಿಂದ ಒಳ್ಳೆಯ ಆರೈಕೆ ಆಗದು.

ಇವುಗಳಲ್ಲಿ ಯಾವುದಕ್ಕೂ ಹಣ ಹೆಚ್ಚು ಬೇಕಿಲ್ಲ. ಕಲಿಯುವ ಮನಸ್ಸು ಬೇಕು. ಹತ್ತಿರದ ಆರೋಗ್ಯ ಕೇಂದ್ರದ ಸಿಸ್ಟರ್ ಅವರನ್ನು ಮನೆಗೆ ಕರೆದು ಒಮ್ಮೆ ಮಾಡಿ ತೋರಿಸಿರೆಂದು ಕೇಳಿದರೆ ಅವರು ಸಂತೋಷದಿಂದ ಕಲಿಸುತ್ತಾರೆ. ಅವರು ಬಂದಾಗ ಕುರ್ಚಿ ಹಾಕಿ ಕೂರಿಸಿ, ವೈದ್ಯರಿಗೆ ಕೊಡುವ ಗೌರವವನ್ನೇ ಕೊಡಿ.

ನೈಟಿಂಗೇಲ್ ಅವರು 1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಷ್ಟ್ರೀಯ ಗೌರವದೊಡನೆ ಸಮಾಧಿ ಮಾಡುವ ಸಲಹೆಯನ್ನು ಕುಟುಂಬದವರು ನಿರಾಕರಿಸಿ, ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರ ಪೂರ್ಣ ಹೆಸರೂ ಇಲ್ಲ, ಹೆಸರಿನ ಜಾಗದಲ್ಲಿ ಎರಡು ಅಕ್ಷರಗಳು ಮಾತ್ರ ಇವೆ. ನನಗೆ ಪಾಠ ಕಲಿಸಿದ ಉಪಕೇಂದ್ರದ ಆ ಸಿಸ್ಟರ್ ನಿವೃತ್ತರಾಗಿ ಬಹಳ ವರ್ಷಗಳಾದವು. ಅವರ ಹೆಸರೂ ಎಲ್ಲಿಯೂ ಕೆತ್ತಿಲ್ಲ. ಅವರ ಆ ಒಂದು ಪ್ರಶ್ನೆಯನ್ನು ಮಾತ್ರ ನಾನು ಇಂದಿಗೂ ಪ್ರತಿ ಹೊಸ ರೋಗಿಯ ಮನೆಯ ಹೊಸ್ತಿಲಲ್ಲಿ ನೆನೆಯುತ್ತೇನೆ. ಒಳಗೆ ಹೋದೊಡನೆ ನಾಡಿ ಹಿಡಿಯುವ ಮೊದಲು ರೋಗಿಯ ಬೆನ್ನನ್ನು ನೋಡುತ್ತೇನೆ.